ಒಂದೇ ಅಡ್ಡಗೋಲಿನ ಮೇಲೆ



ಹಿತ್ತಲಲ್ಲಿ ಕೋಳಿ ಸಾಕಿದವರಿಗೆ ಈ ನೋಟ ಗೊತ್ತಿರುತ್ತದೆ. ಮುಸ್ಸಂಜೆಯಾಗುತ್ತಿದ್ದಂತೆ ದೊಡ್ಡ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಹೊಸದಾಗಿ ಗುಂಪು ಸೇರಿದ ಮೂರು ತಿಂಗಳ ಎಳೆಯ ಹ್ಯಾಟೆಗಳು ಮಾತ್ರ ಹೊರಗೇ ಉಳಿಯುತ್ತವೆ. ಬಾಗಿಲ ಬಳಿ ಬರುತ್ತವೆ, ಇಣುಕುತ್ತವೆ, ಹಿಂದೆ ಸರಿಯುತ್ತವೆ. ಒಳಗಿರುವ ಹಿರಿಯ ಕೋಳಿಗಳು ಕುಕ್ಕುತ್ತವೆಂಬ ಭಯ ಅವಕ್ಕೆ.

ಅಟ್ಟಿದರೆ ಗಿಡದ ಮರೆಗೆ ಓಡಿಬಿಡುತ್ತವೆ. ಪಳಗಿದವರು ಅಟ್ಟುವುದಿಲ್ಲ. ಮೊದಲು ಕೆಲವು ದಿನ ನಡುವೆ ಜಾಲರಿ ಕಟ್ಟಿ, ಎರಡು ಗುಂಪೂ ಒಂದನ್ನೊಂದು ನೋಡುವಂತೆ ಬಿಡುತ್ತಾರೆ. ಆಮೇಲೆ ಒಂದು ದಿನ ಕತ್ತಲಾಗುವವರೆಗೆ ಕಾಯುತ್ತಾರೆ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು, ಜಗಳವೂ ಇರದು. ಆಗ ಎಳೆಯ ಕೋಳಿಯನ್ನು ಮೆಲ್ಲಗೆ ಎತ್ತಿ, ದೊಡ್ಡವುಗಳ ಪಕ್ಕ ಅಡ್ಡಗೋಲಿನ ಮೇಲೆ ಕೂರಿಸುತ್ತಾರೆ. ಬೆಳಗಾಗುತ್ತಲೇ ಬಾಗಿಲು ತೆರೆಯುತ್ತಾರೆ. ಹೀಗೆ ಕೆಲವು ರಾತ್ರಿ ಕಳೆದರೆ, ಒಂದು ಸಂಜೆ ಅವು ತಾವೇ ಒಳಗೆ ನಡೆಯುತ್ತವೆ.

ಮನೆಗೆ ಬಂದ ಸೊಸೆ, ಶಾಲೆಗೆ ಸೇರಿದ ಮಗು, ಕೆಲಸಕ್ಕೆ ಬಂದ ಹೊಸಬರು ಕೂಡ ಹೀಗೆಯೇ. ಬಾಗಿಲು ತೆರೆದಿದ್ದರೆ ಸಾಲದು. ‘ಇಲ್ಲಿ ನಿನಗೂ ಜಾಗವಿದೆ’ ಎಂದು ಕೂರಿಸುವ ಕೈಯೊಂದು ಬೇಕು. ತಾಳ್ಮೆಯೂ ಬೇಕು.

ಇವತ್ತು ಬಾಗಿಲಲ್ಲೇ ಹಿಂಜರಿದು ನಿಂತವರು ಯಾರಾದರೂ ಕಂಡರೆ, ನಾವು ತುಸು ಸರಿದು ಕೂರೋಣ. ಪಕ್ಕದಲ್ಲಿ ಅವರಿಗೆ ಜಾಗ ಮಾಡಿಕೊಡೋಣ.