ಇವತ್ತು ಬ್ಯಾಡ ಅನ್ನುವ ಹಕ್ಕು



ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಹೊರಟರೆ ತೊರವಿ ದಾಟಿ ತಿಕೋಟಾ ಬರುವ ಹೊತ್ತಿಗೆ ಅಲ್ಲಲ್ಲಿ ದ್ರಾಕ್ಷಿ ತೋಟಗಳು ಕಾಣತೊಡಗುತ್ತವೆ. ಬಾಬಲೇಶ್ವರದ ಕಡೆಗೂ ಹಾಗೆಯೇ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಉದ್ದುದ್ದ ಶೆಡ್ಡುಗಳಲ್ಲಿ, ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ, ದ್ರಾವಣದಲ್ಲಿ ಅದ್ದಿ ಹರಡಿದ ಹಣ್ಣು ಎರಡು ವಾರದಷ್ಟು ಕಾಲ ನೆರಳಿನಲ್ಲಿ ಒಣಗುತ್ತದೆ. ಹೆಚ್ಚುಕಡಿಮೆ ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ.

ಮೂರು ಕಿಲೋ ತೂಕ ಕಳೆದುಕೊಂಡು ರೈತ ಗಳಿಸುವುದೇನು? ಒಳ್ಳೆಯ ದರ ಅಂತ ಥಟ್ಟನೆ ಹೇಳುವಂತಿಲ್ಲ, ದರ ಯಾರ ಕೈಯಲ್ಲೂ ಇಲ್ಲ. ಅವನು ಗಳಿಸುವುದು ಸಮಯ. ಹಸಿ ದ್ರಾಕ್ಷಿ ಕಾಯುವುದಿಲ್ಲ. ಮೋಡ ಕಟ್ಟಿತೆಂದರೆ ವ್ಯಾಪಾರಿ ಹೇಳಿದ್ದೇ ದರ. ಅದೇ ಹಣ್ಣು ಒಣಗಿ ಕೋಲ್ಡ್ ಸ್ಟೋರೇಜ್ ಸೇರಿತೆಂದರೆ ತಿಂಗಳುಗಟ್ಟಲೆ ಇರುತ್ತದೆ. ವಿಜಯಪುರದ ಎಪಿಎಂಸಿಯಲ್ಲಾಗಲಿ, ತಾಸಗಾಂವ್, ಸಾಂಗ್ಲಿಯ ಸವಾಲಿನಲ್ಲಾಗಲಿ ದರ ಮನಸ್ಸಿಗೆ ಬರದಿದ್ದರೆ, "ಈ ವಾರ ಬ್ಯಾಡ್ರಿ, ಮುಂದ ನೋಡೂಣು" ಎಂದು ಎದ್ದು ಬರಬಹುದು. ಈ ಒಂದು ಮಾತು ಆಡುವ ಶಕ್ತಿಗಾಗಿ ಆತ ಶೆಡ್ಡಿಗೆ, ಆಳಿಗೆ, ಕೋಲ್ಡ್ ಸ್ಟೋರೇಜಿನ ಬಾಡಿಗೆಗೆ ಸಾಲ ಮಾಡಿ ರೊಕ್ಕ ಸುರಿಯುತ್ತಾನೆ. ಬ್ಯಾಂಕಿನ ಕಂತು ಮೈಮೇಲೆ ಬಂದಾಗ ಆ ಮಾತೂ ಗಂಟಲಲ್ಲೇ ಉಳಿಯುತ್ತದೆ. ಕಾಯುವುದು ಬಡವನಿಗೆ ಎಷ್ಟು ತುಟ್ಟಿ ಎಂಬುದು ಈ ರಸ್ತೆಯ ಪ್ರತಿ ಊರಿಗೂ ಗೊತ್ತು.

ಈಗ ಅದೇ ರೈತನ ಮನೆಯ ಮಗನನ್ನು ನೋಡೋಣ. ಕೈಯಲ್ಲಿ ಮೊಬೈಲು. ಬೆಳಿಗ್ಗೆ ಒಂಬತ್ತೂ ಕಾಲಿಗೆ ಷೇರು ಪೇಟೆ ತೆರೆಯುತ್ತದೆ, ಮಧ್ಯಾಹ್ನ ಮೂರೂವರೆಗೆ ಮುಚ್ಚುತ್ತದೆ. ಅವನು ಮಾಡುವುದು ಆಪ್ಷನ್ ವ್ಯವಹಾರ, ಅಂದರೆ ದರ ಏರೀತೋ ಇಳಿದೀತೋ ಎಂಬುದರ ಮೇಲೆ ರೊಕ್ಕ ಹಾಕುವುದು. ಹೊಸದಾಗಿ ಆರ್ಡರ್ ಹಾಕದೆ ಸುಮ್ಮನಿದ್ದರೆ ಅವನದೇನೂ ಕೊಳೆಯುವುದಿಲ್ಲ, ಯಾವ ಬಾಡಿಗೆಯೂ ಏರುವುದಿಲ್ಲ. ಅಪ್ಪ ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಕಾಯುವ ಹಕ್ಕು ಮಗನಿಗೆ ಪುಕ್ಕಟೆ ಸಿಕ್ಕಿದೆ. ಅದನ್ನು ಆತ ಬಿಟ್ಟುಕೊಡುವುದು ಎಂಥ ದಿನ? ಹೊಲದ ಪಾಲಿನ ವಿಷಯಕ್ಕೆ ರಾತ್ರಿ ಅಣ್ಣನ ಜೊತೆ ಜಗಳವಾದ ಮರುದಿನ. ಅವ್ವ ದವಾಖಾನೆಯಲ್ಲಿ ಮಲಗಿರುವಾಗ, ವಾರ್ಡಿನ ಹೊರಗಿನ ಬೆಂಚಿನ ಮೇಲೆ. ಕೂಡಿಬಂದಿದ್ದ ಸಂಬಂಧ ಮುರಿದ ವಾರದಲ್ಲಿ. ಮನಸ್ಸು ಎಲ್ಲಿಯೋ ಇರುವಾಗ ಬೆರಳು ಮಾತ್ರ ಪರದೆಯ ಮೇಲೆ.

ಮನಸ್ಸು ಶಾಂತವಾಗಿದ್ದರೆ ಲಾಭ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿ ಶಿಬಿರ ನಡೆಸುವವರು, ಫೀ ಕಟ್ಟಿಸಿಕೊಳ್ಳುವವರು ಬೇಕಾದಷ್ಟಿದ್ದಾರೆ. ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ: 2024-25ರಲ್ಲಿ ಷೇರುಗಳ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 91 ಮಂದಿ ರೊಕ್ಕ ಕಳೆದುಕೊಂಡರು. ಎಲ್ಲರ ನಿವ್ವಳ ನಷ್ಟ ಸೇರಿಸಿದರೆ ಒಂದು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇವರಲ್ಲಿ ಶಾಂತಚಿತ್ತದವರೂ ಇದ್ದಾರೆ, ಓದಿದವರೂ ಇದ್ದಾರೆ. ಎಲ್ಲ ಅರಿವಿದ್ದವನೇ ಸೋಲುವ ಜಾಗಕ್ಕೆ ಅತ್ತ ಕಣ್ಣಿನಲ್ಲಿ ಹೋಗುವುದು ಯಾವ ಧೈರ್ಯ?

ಅಳು ವ್ಯಾಪಾರವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಜೆನಿಫರ್ ಲರ್ನರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವರಿಗೆ ದುಃಖದ ಸಿನಿಮಾ ತುಣುಕು ತೋರಿಸಿ, ಆಮೇಲೆ ಸಣ್ಣದೊಂದು ವಸ್ತುವಿಗೆ ಬೆಲೆ ಕಟ್ಟಿಸಿದರು. ದುಃಖದಲ್ಲಿದ್ದವರು ಮಾರುವಾಗ ಕಡಿಮೆಗೆ ಒಪ್ಪಿದರು, ಕೊಳ್ಳುವ ಕಡೆ ನಿಂತಾಗ ಅದೇ ವಸ್ತುವಿಗೆ ಹೆಚ್ಚು ಬೆಲೆ ಕಟ್ಟಿದರು. ಸೋವಿಗೆ ಮಾರಿ ತುಟ್ಟಿಗೆ ಕೊಳ್ಳುವವನೆಂದರೆ ಅಡತಿ ಅಂಗಡಿಯವರು ಕನಸಿನಲ್ಲಿ ಕಾಣುವ ಗಿರಾಕಿ. 2013ರಲ್ಲಿ ಅದೇ ಲರ್ನರ್ ಅವರ ತಂಡ ಇನ್ನೊಂದು ಸಂಗತಿ ಕಂಡಿತು: ದುಃಖದಲ್ಲಿರುವವರಿಗೆ ತಾಳ್ಮೆ ಕಡಿಮೆಯಾಗುತ್ತದೆ. ಮೂರು ತಿಂಗಳು ಬಿಟ್ಟು ಬರುವ ದೊಡ್ಡ ಮೊತ್ತಕ್ಕಿಂತ ಈಗಲೇ ಕೈಗೆ ಸಿಗುವ ಸಣ್ಣ ಮೊತ್ತವೇ ಸಾಕು ಅನ್ನುತ್ತಾರೆ. ಅಂದರೆ ಕಾಯುವ ಹಕ್ಕು ಹೆಚ್ಚು ಬೇಕಾದ ದಿನವೇ ಅದು ಕೈಜಾರುತ್ತದೆ.

ದುಃಖಕ್ಕಿಂತ ಕೆಟ್ಟದ್ದು ಸೋಲಿನ ಸಿಟ್ಟು. ಹತ್ತು ಗಂಟೆಗೆ ಎಂಟು ಸಾವಿರ ಹೋಯಿತು. "ಹೋದದ್ದನ್ನ ಇವತ್ತ ತರ್ತೀನಿ" ಎಂದು ಹತ್ತೂವರೆಗೆ ಎರಡು ಪಟ್ಟು ಲಾಟ್ ತಗೊಂಡ. ಹನ್ನೊಂದಕ್ಕೆ ಗೆಳೆಯನಿಂದ ಕೈಗಡ. ಸಂಜೆಗೆ ಮನೆಯಲ್ಲಿ ಹೇಳಲಾಗದಷ್ಟು ಮೊತ್ತ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದದ್ದು ಇಂಥದ್ದಕ್ಕೇ.

ಬರಿಯ ಗಮನ ತಪ್ಪಿದರೂ ಸಾಕು. 2012ರ ಅಕ್ಟೋಬರ್ 5ರಂದು ಮುಂಬೈನ ಬ್ರೋಕರ್ ಸಂಸ್ಥೆಯೊಂದರಿಂದ ತಪ್ಪಾಗಿ ಹೋದ ಸುಮಾರು 650 ಕೋಟಿ ರೂಪಾಯಿಯ ಮಾರಾಟದ ಆರ್ಡರ್‌ಗಳು ನಿಫ್ಟಿ ಸೂಚ್ಯಂಕವನ್ನು ಕ್ಷಣಗಳಲ್ಲಿ 900 ಅಂಕದಷ್ಟು ಕೆಡವಿ, ವ್ಯವಹಾರ ನಿಲ್ಲುವಂತೆ ಮಾಡಿದವು. ದಿನಾ ಅದೇ ಕೆಲಸ ಮಾಡುವವರ ಕೈಯಲ್ಲಿ ಆದ ತಪ್ಪು ಅದು. ಕುಲುಕುವ ಬಸ್ಸಿನಲ್ಲಿ ನಿಂತು, ಒಂದು ಕಿವಿಗೆ ಫೋನು ಹಚ್ಚಿಕೊಂಡು ಸೊನ್ನೆ ಎಣಿಸುವವರು ಸ್ವಲ್ಪ ಯೋಚಿಸಬೇಕು.

ಪೇಟೆಗೂ ತನ್ನ ಸ್ವಭಾವ ಗೊತ್ತಿದೆ. ಸೂಚ್ಯಂಕ ಶೇಕಡ 10 ಏರಿದರೆ ಇಲ್ಲವೇ ಇಳಿದರೆ ಇಡೀ ವ್ಯವಹಾರವನ್ನೇ ಕೆಲಹೊತ್ತು ನಿಲ್ಲಿಸುವ ನಿಯಮ ನಮ್ಮ ದೇಶದಲ್ಲಿ 2001ರಿಂದ ಇದೆ. 2020ರ ಮಾರ್ಚ್ 12ರ ರಾತ್ರಿ ನೆನಪಿದೆಯೇ? ಪಕ್ಕದ ಕಲಬುರಗಿಯಲ್ಲಿ ತೀರಿಹೋದ ಹಿರಿಯರೊಬ್ಬರಿಗೆ ಕೊರೊನಾ ಇತ್ತು ಎಂದು ಖಚಿತವಾಯಿತು. ಅದು ದೇಶದ ಮೊದಲ ಕೊರೊನಾ ಸಾವು. ನಮ್ಮ ಭಾಗದಲ್ಲಿ ಆ ರಾತ್ರಿ ಎಷ್ಟೋ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಮರುದಿನ ಶುಕ್ರವಾರ ಪೇಟೆ ತೆರೆದು ಕೆಲವೇ ನಿಮಿಷಗಳಲ್ಲಿ ಸೂಚ್ಯಂಕ ಶೇಕಡ 10 ಕುಸಿಯಿತು. ವ್ಯವಹಾರ 45 ನಿಮಿಷ ನಿಂತಿತು. ಮತ್ತೆ ಶುರುವಾದ ಮೇಲೆ ಪೇಟೆ ಮೇಲೇರುತ್ತ ಹೋಯಿತು. ಆ ಸಂಜೆ ಸೆನ್ಸೆಕ್ಸ್ ಹಿಂದಿನ ದಿನಕ್ಕಿಂತ 1,325 ಅಂಕ ಮೇಲಿತ್ತು. ಮೊದಲ ನಿಮಿಷಗಳಲ್ಲಿ ಹೆದರಿ ಮಾರಿದವರಿಗೆ ಸಿಕ್ಕದ್ದು ದಿನದ ಅತಿ ಕೆಟ್ಟ ದರಗಳಲ್ಲೊಂದು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಚಂದ ಕಾಣುತ್ತದೆ, ಆದರೆ ಅರ್ಧ ಸುಳ್ಳಾಗುತ್ತದೆ. ಹತ್ತು ದಿನ ಬಿಟ್ಟು ಮಾರ್ಚ್ 23ರಂದು ಮತ್ತೆ 45 ನಿಮಿಷ ನಿಲ್ಲಿಸಿದರು. ಅಂದು ಸೆನ್ಸೆಕ್ಸ್ ಏಳಲಿಲ್ಲ, 3,934 ಅಂಕ ಕಳೆದುಕೊಂಡೇ ಮಲಗಿತು. ತಡೆದು ನಿಂತರೆ ದರ ಮರಳುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಆ ನಿಯಮ ಕೊಡುವುದು ಯೋಚನೆಗೆ ಬೇಕಾದಷ್ಟು ಹೊತ್ತನ್ನು ಮಾತ್ರ. ಅದೇ ವಾರ ಲಾಕ್‌ಡೌನ್ ಬಂದು, ಹಸಿ ದ್ರಾಕ್ಷಿ ಕಳಿಸಲಾಗದ ನಮ್ಮ ಬೆಳೆಗಾರರಲ್ಲಿ ಹಲವರು ಹಣ್ಣನ್ನು ಒಣಗಿಸಲು ಹಾಕಿದರು. ಅವರಿಗೂ ದರದ ಭರವಸೆ ಇರಲಿಲ್ಲ.

ಜೂಜಿನ ಮಾತು ಬಂದರೆ ನಮಗೆ ಧರ್ಮರಾಯ ನೆನಪಾಗುತ್ತಾನೆ. ನನಗೆ ನಳ ಮಹಾರಾಜ ಹೆಚ್ಚು ಹತ್ತಿರ. ಕನಕದಾಸರು ಕನ್ನಡದಲ್ಲಿ ಹಾಡಿದ ಕಥೆ ಅದು, ಮೂಲ ಮಹಾಭಾರತದ್ದು. ಅಲ್ಲಿ ನಳ ಒಂದು ಸಂಜೆ ಕಾಲು ತೊಳೆಯುವುದನ್ನು ಮರೆತು ಸಂಧ್ಯೆಗೆ ಕೂತ, ಆ ಸಣ್ಣ ಮರೆವಿನಲ್ಲಿ ಕೇಡಿನ ಕಲಿಪುರುಷ ಅವನ ಒಳಹೊಕ್ಕ. ಸೋದರ ಪುಷ್ಕರ ಜೂಜಿಗೆ ಕರೆದಾಗ ಬೇಡ ಎನ್ನಲಾಗಲಿಲ್ಲ. ಹೆಂಡತಿ ದಮಯಂತಿ ಹೇಳಿದಳು, ಮಂತ್ರಿಗಳೂ ಊರವರೂ ಬಾಗಿಲಿಗೆ ಬಂದು ನಿಂತರು, ಯಾರ ಮಾತೂ ಕಿವಿಗೆ ಬೀಳಲಿಲ್ಲ. ವರ್ಷಗಳ ಮೇಲೆ ಋತುಪರ್ಣ ರಾಜನಿಂದ ಆತ ಪಗಡೆಯ ವಿದ್ಯೆ ಕಲಿತ, ಆಗ ಕಲಿ ಅವನನ್ನು ಬಿಟ್ಟು ಹೊರಟ. ಆಮೇಲೆ ಅದೇ ಪುಷ್ಕರನೊಡನೆ ಆಡಿ ಒಂದೇ ಪಂದ್ಯದಲ್ಲಿ ಎಲ್ಲವನ್ನೂ ಮರಳಿ ಪಡೆದ. ವಿದ್ಯೆ ಬಂದದ್ದು, ಕಲಿ ಹೋದದ್ದು ಎರಡೂ ಒಟ್ಟಿಗೆ ನಡೆದವು ಎಂಬುದನ್ನು ಕಥೆ ಹೇಳಿದವರು ಬೇಕೆಂದೇ ಇಟ್ಟಿದ್ದಾರೆ. ನಮ್ಮ ಹುಡುಗರಲ್ಲಿ ಬಹಳ ಮಂದಿ ಪಂದ್ಯಕ್ಕೆ ಕೂರುವಾಗ ವಿದ್ಯೆ ಇನ್ನೂ ಬಂದಿರುವುದಿಲ್ಲ, ಕಲಿ ಮಾತ್ರ ಬಂದಿರುತ್ತಾನೆ.

ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ರೊಕ್ಕದ ಹಂಗೇ ಬೇಡವೆಂದು ಅಂಗಿಗೆ ಜೇಬನ್ನೇ ಇಡಿಸಿಕೊಳ್ಳಲಿಲ್ಲ. ಅಷ್ಟು ನಮ್ಮಿಂದಾಗದು. ನಮಗೆ ಜೇಬಿದೆ, ಜೇಬಿನಲ್ಲಿ ಮೊಬೈಲಿದೆ, ಮೊಬೈಲಿನಲ್ಲಿ ಪೇಟೆಯಿದೆ. ಹಾಗಾಗಿ ಕೆಲವು ನೇರ ಮಾತು.

ದವಾಖಾನೆಯ ಬಿಲ್ಲಿಗೆ ಷೇರು ಮಾರಲೇಬೇಕಾದರೆ ಮಾರಿ, ಅದು ಗರಜು. ಬೇಕಾದಷ್ಟೇ ಮಾರಿ, ಆ ನೆವದಲ್ಲಿ ಹೊಸದೇನೂ ಕೊಳ್ಳಬೇಡಿ. ಮನಸ್ಸು ಕೆಟ್ಟ ದಿನ ಈಗಾಗಲೇ ಇರುವ ವ್ಯವಹಾರದಿಂದ ಹೊರಬರುವ ಆರ್ಡರ್ ಮಾತ್ರ ಇರಲಿ. ಎಷ್ಟು ನಷ್ಟಕ್ಕೆ ಬಿಡಬೇಕು ಎಂಬುದನ್ನು ಕೊಂಡ ದಿನವೇ ಬರೆದಿಟ್ಟಿದ್ದರೆ ಅದರಂತೆ ನಡೆಯಿರಿ. ತಿಂಗಳಿಗೊಮ್ಮೆ ಗೊತ್ತಾದ ದಿನ ಮ್ಯೂಚುವಲ್ ಫಂಡಿಗೆ ಹೋಗುವ ಕಂತಿಗೆ ನಿಮ್ಮ ಮನಸ್ಥಿತಿಯ ಹಂಗಿಲ್ಲ, ಅದನ್ನು ಅದರ ಪಾಡಿಗೆ ಬಿಡಿ. ಮಿತಿಮೀರಿದ ಖುಷಿಯ ದಿನಕ್ಕೂ ಇದೇ ಮಾತು. ಮದುವೆಯ ಓಲಗದ ನಡುವೆ ಆಪ್ಷನ್ ಕೊಂಡವರು ಇಲ್ಲದಿಲ್ಲ.

ಕೆಲವು ಬ್ರೋಕರ್ ಆ್ಯಪ್‌ಗಳಲ್ಲಿ ಕಿಲ್ ಸ್ವಿಚ್ ಎಂಬ ಗುಂಡಿಯಿದೆ. ಒತ್ತಿದರೆ ನಿಮ್ಮ ವ್ಯವಹಾರದ ಬಾಗಿಲು ಕೆಲವು ಗಂಟೆ ಮುಚ್ಚಿರುತ್ತದೆ, ನೀವೇ ಬೇಡಿಕೊಂಡರೂ ತೆರೆಯದು. ನಿಮ್ಮ ಆ್ಯಪಿನಲ್ಲಿ ಅದು ಎಲ್ಲಿದೆ ಎಂದು ತಲೆ ತಣ್ಣಗಿರುವಾಗಲೇ ಹುಡುಕಿಟ್ಟುಕೊಳ್ಳಿ. ಮನೆಯಲ್ಲಿ ಒಬ್ಬರಿಗಾದರೂ, ಹೆಂಡತಿಗೋ ಅಣ್ಣನಿಗೋ, ನೀವು ಮಾಡುವ ವ್ಯವಹಾರ ಗೊತ್ತಿರಲಿ. ದಮಯಂತಿಯ ಮಾತು ನಳ ಕೇಳಲಿಲ್ಲ ನಿಜ, ಆದರೆ ಹೇಳುವುದಕ್ಕೆ ಅವಳಿಗೆ ವಿಷಯ ತಿಳಿದಿತ್ತು.

ಇನ್ನು, ಆಗಲೇ ಕಳೆದುಕೊಂಡು ರಾತ್ರಿ ನಿದ್ದೆ ಬರದೆ ಒದ್ದಾಡುತ್ತಿರುವವರು ಈ ಮಾತು ಕೇಳುತ್ತಿದ್ದರೆ ಅವರಿಗೆ: ಹೋದ ರೊಕ್ಕವನ್ನು ನಾಳೆ ತರುವ ಲೆಕ್ಕ ಸದ್ಯಕ್ಕೆ ಬಿಡಿ, ಇವತ್ತು ಯಾರಿಗಾದರೂ ಹೇಳಿ. ಮನೆಯವರಿಗೆ ಹೇಳಲು ಬಾಯಿ ಬರದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರು 14416. ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ರೊಕ್ಕ ಕೊಡಬೇಕಾಗಿಲ್ಲ.