ತಡವಾಗಿ ಬರುವ ಗಂಟು

ರೈಲಿನಲ್ಲಿ ಪಯಣಿಸುವಾಗ ನಮ್ಮ ಪೆಟ್ಟಿಗೆ ಕಾಲಡಿಯಲ್ಲಿರುತ್ತದೆ. ಬಸ್ಸಿನಲ್ಲಾದರೆ ತಲೆಯ ಮೇಲೆ. ವಿಮಾನದಲ್ಲಿ ಮಾತ್ರ ಹೊರಡುವ ಊರಿನಲ್ಲೇ ಅದನ್ನು ಪರರ ಕೈಗೊಪ್ಪಿಸಿ, ಸೇರುವ ಊರಿನಲ್ಲಿ ಮರಳಿ ಪಡೆಯಬೇಕು. ನಡುವೆ ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ವಿಮಾನ ಬದಲಾಯಿಸುವುದಿದ್ದರೆ, ನಾವು ಓಡೋಡಿ ಎರಡನೆಯ ವಿಮಾನವನ್ನು ಹಿಡಿದರೂ ಪೆಟ್ಟಿಗೆ ಹಿಡಿದೀತೆಂಬ ಭರವಸೆಯಿಲ್ಲ. ಗಂಟುಮೂಟೆಗಳು ಹಿಂದುಳಿಯುವುದು ಹೆಚ್ಚಾಗಿ ಇಂಥ ತಾಣಗಳಲ್ಲೇ.

ಮಗಳ ಬಾಣಂತನ ಮುಗಿಸಿ ಅಮೆರಿಕದಿಂದ ಹಿಂತಿರುಗುವ ತಾಯಂದಿರು ಈಗ ನಮ್ಮ ಊರುಗಳಲ್ಲಿ ಅನೇಕರಿದ್ದಾರೆ. ಅಂಥ ಒಬ್ಬ ತಾಯಿ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಡುರಾತ್ರಿ ಇಳಿದರೆಂದು ಭಾವಿಸಿ. ಸಾಮಾನು ಬರುವ ಪಟ್ಟಿ ಸುತ್ತಿ ಸುತ್ತಿ ನಿಂತಿತು. ಇವರ ಪೆಟ್ಟಿಗೆ ಬರಲಿಲ್ಲ. ಅವರ ರಕ್ತದೊತ್ತಡದ ಮಾತ್ರೆಯೂ ಅದರಲ್ಲೇ ಇದೆ. ಹೊರಗೆ ಮಗ ಕಾದಿದ್ದಾನೆ. "ನಾಳೆಯ ವಿಮಾನಕ್ಕೆ ಬಂದೀತು, ಮನೆಗೆ ಹೋಗಿ ಅಮ್ಮ" ಎಂದು ಯಾರೋ ಹೇಳುತ್ತಾರೆ. ಮಾತು ಹಿತವಾದದ್ದೇ; ಆದರೆ ಅದನ್ನು ನೆಚ್ಚಿ ಬರಿಗೈಯಲ್ಲಿ ಹೊರಬರಬಾರದು.

ಕಾಳಿದಾಸನ ಶಾಕುಂತಲವನ್ನು ನೆನೆಯಿರಿ. ಉಂಗುರ ಕೈಜಾರಿದ ಮೇಲೆ ಶಕುಂತಲೆಯ ನಿಜವಾದ ಮಾತಿಗೂ ದುಷ್ಯಂತನಲ್ಲಿ ಬೆಲೆ ದೊರೆಯಲಿಲ್ಲ. ಗುರುತಿನ ವಸ್ತುವಿಗೆ ಅಭಿಜ್ಞಾನವೆಂದು ಹೆಸರು. ವಿಮಾನದ ಪಯಣಿಗರಿಗೆ ಅಂಥ ಅಭಿಜ್ಞಾನಗಳು ಎರಡು.

ಮೊದಲನೆಯದು, ಪೆಟ್ಟಿಗೆಯನ್ನು ಒಪ್ಪಿಸುವಾಗ ಕೊಡುವ ಸಣ್ಣ ಚೀಟಿ. ಅದರಲ್ಲಿ 10 ಅಂಕೆಗಳ ಸಂಖ್ಯೆಯಿರುತ್ತದೆ. ಪೆಟ್ಟಿಗೆಯ ಹಿಡಿಗೆ ಕಟ್ಟಿದ ಪಟ್ಟಿಯಲ್ಲೂ ಅದೇ ಸಂಖ್ಯೆ. ಎರಡನೆಯದು, ಪೆಟ್ಟಿಗೆ ಬಾರದಿದ್ದಾಗ ಬರೆಸಿಕೊಳ್ಳುವ ದೂರುಪತ್ರ, ಪಿ.ಐ.ಆರ್. ಎನ್ನುತ್ತಾರೆ. ನಿಮ್ಮನ್ನು ಕೊನೆಗೆ ಕರೆತಂದ ವಿಮಾನ ಸಂಸ್ಥೆಯ ಮೇಜಿನ ಬಳಿಗೆ ಹೋಗಿ, ಪೆಟ್ಟಿಗೆಯ ಬಣ್ಣ, ಅಳತೆ, ಮನೆಯ ವಿಳಾಸ, ಫೋನು ಇವೆಲ್ಲವನ್ನೂ ಬರೆಸಿ ಅದರ ಪ್ರತಿಯನ್ನು ಪಡೆಯಿರಿ. ಅದರ ಮೇಲಿನ ಸಂಖ್ಯೆ ಬೆಂಗಳೂರಿನಲ್ಲಿ ಬರೆಸಿದ್ದಾದರೆ ಬಿ.ಎಲ್.ಆರ್. ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಲೋಕದ ಬಹುಪಾಲು ವಿಮಾನ ಸಂಸ್ಥೆಗಳು ವರ್ಲ್ಡ್‌ಟ್ರೇಸರ್ ಎಂಬ ಒಂದೇ ವ್ಯವಸ್ಥೆಯಲ್ಲಿ ಕಳೆದ ಪೆಟ್ಟಿಗೆಗಳನ್ನು ಹುಡುಕುವುದು ಇಂಥ ಸಂಖ್ಯೆಗಳ ಆಧಾರದ ಮೇಲೆಯೇ.

ಹೊರದೇಶದಿಂದ ಬಂದ ಪೆಟ್ಟಿಗೆಯನ್ನು ಸುಂಕದವರು ನೋಡಿಯೇ ಬಿಡಬೇಕು. ಆದ್ದರಿಂದ ಬೀಗದ ಕೈ, ಪಾಸ್‌ಪೋರ್ಟಿನ ಪ್ರತಿ, ಒಪ್ಪಿಗೆಯ ಪತ್ರ ಇವನ್ನು ಕೇಳುವುದುಂಟು. ಕೆಲವೊಮ್ಮೆ ನೀವೇ ಮತ್ತೆ ನಿಲ್ದಾಣಕ್ಕೆ ಹೋಗಬೇಕಾದೀತು. ಯಾವುದು ಅಗತ್ಯವೆಂದು ಆ ರಾತ್ರಿಯೇ ಕೇಳಿ ತಿಳಿಯಿರಿ.

ಇನ್ನು ಹಕ್ಕಿನ ಮಾತು. 1999ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು 2009ರಲ್ಲಿ ಸೇರಿತು. ಅದರಂತೆ ಪೆಟ್ಟಿಗೆಗೆ ಪೆಟ್ಟಾಗಿದ್ದರೆ ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದುದಕ್ಕೆ ಕೈಸೇರಿದ 21 ದಿನಗಳೊಳಗೆ, ಬರಹದಲ್ಲಿ ದೂರು ಕೊಡಬೇಕು. ಬರಬೇಕಾಗಿದ್ದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತೆಂದೇ ಪರಿಹಾರ ಕೇಳಬಹುದು. ವ್ಯಾಜ್ಯ ಹೂಡಲು 2 ವರ್ಷಗಳ ಅವಧಿಯಿದೆ. ಪರಿಹಾರದ ಮೇಲ್ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್.ಡಿ.ಆರ್.; ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ನಮ್ಮ ಹಣದಲ್ಲಿ ಒಂದೂವರೆ ಲಕ್ಷ ರೂಪಾಯಿಗೆ ಮೀರಿದ್ದು. ಇದು ಮಿತಿಯೇ ಹೊರತು ಕೇಳಿದವರಿಗೆಲ್ಲ ಕೊಡುವ ಮೊತ್ತವಲ್ಲ. ಆದ ನಷ್ಟವನ್ನು ತೋರಿಸಬೇಕು. ಪೆಟ್ಟಿಗೆ ಬರುವವರೆಗೆ ಕೊಂಡ ಬಟ್ಟೆ, ಔಷಧಿ ಮೊದಲಾದವುಗಳ ರಸೀದಿಗಳನ್ನು ಆದ್ದರಿಂದಲೇ ಜೋಪಾನವಾಗಿಡಬೇಕು. ದೇಶದೊಳಗಿನ ಹಾರಾಟಕ್ಕೆ ನಿಯಮ ಬೇರೆ. ಅಲ್ಲಿಯ ಮಿತಿ ಬಹಳ ಕಡಿಮೆ.

ಹಲವರು ಇಲ್ಲಿಯೇ ಎಡವುತ್ತಾರೆ. ಪೆಟ್ಟಿಗೆ ಮನೆಗೆ ಬಂದ ಸಂತೋಷದಲ್ಲಿ ಬೀಗ ಮುರಿದಿದೆಯೇ ಎಂದು ನೋಡದೆ ರುಜು ಹಾಕುತ್ತಾರೆ, ಚೀಟಿಯನ್ನು ಕಸಕ್ಕೆಸೆಯುತ್ತಾರೆ. ಆಮೇಲೆ ನ್ಯಾಯ ನಮ್ಮ ಕಡೆಗಿದ್ದರೂ ಅದನ್ನು ತೋರಿಸಲು ಕೈಯಲ್ಲೇನೂ ಉಳಿಯುವುದಿಲ್ಲ.

ಮನೆಯ ಹಿರಿಯರು ಪಯಣ ಹೊರಡುವವರಿದ್ದರೆ ಇಂದೇ ಇಷ್ಟು ಮಾಡಿ. ದಿನವೂ ತೆಗೆದುಕೊಳ್ಳುವ ಔಷಧಿ, ಒಡವೆ, ಮುಖ್ಯ ಕಾಗದಪತ್ರಗಳು ಕೈಚೀಲದಲ್ಲೇ ಇರಲಿ. ಪೆಟ್ಟಿಗೆಯ ಒಳಗೂ ಹೆಸರು, ವಿಳಾಸ ಬರೆದ ಕಾಗದವೊಂದನ್ನಿಡಿ. ಹೊರಗಿನ ಪಟ್ಟಿ ಹರಿದುಹೋಗುವುದುಂಟು. ಪೆಟ್ಟಿಗೆಯ ಚಿತ್ರವೊಂದನ್ನು ಫೋನಿನಲ್ಲಿ ತೆಗೆದಿಡಿ. ಆ 10 ಅಂಕೆಗಳ ಚೀಟಿಯನ್ನು ಪಾಸ್‌ಪೋರ್ಟಿನ ಜೊತೆಗೇ ಇರಿಸಿಕೊಳ್ಳಬೇಕೆಂದು ಅವರಿಗೆ ಹೇಳಿಕೊಡಿ. ದೂರುಪತ್ರದ ಪ್ರತಿ ಕೈಗೆ ಬರುವವರೆಗೆ ಆ ಮೇಜಿನ ಮುಂದಿನಿಂದ ಕದಲಬಾರದೆಂಬುದನ್ನೂ ಹೇಳಿಕೊಡಿ.