ರೊನಾಲ್ಡ್ ರಾಸ್: ಸೊಳ್ಳೆಯ ಬೆನ್ನು ಹತ್ತಿದ ದಂಡಿನ ಡಾಕ್ಟರು



ದಂಡಿನ ಡಾಕ್ಟರೆಂದರೆ ಗುಂಡೇಟಿಗೆ ಪಟ್ಟಿ ಕಟ್ಟುವವರು ಎಂದೇ ನಮ್ಮ ಎಣಿಕೆ. ಆದರೆ ಬ್ರಿಟಿಷರ ಕಾಲದ ದಂಡಿನಲ್ಲಿ ಕಾಲರಾ, ಮಲೇರಿಯಾ, ವಿಷಮಶೀತ ಜ್ವರಗಳೇ ದೊಡ್ಡ ಶತ್ರು. ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯರು ಊರಿನ ರೋಗಗಳಿಗೂ ಎದೆಗೊಟ್ಟರು. 1898ರಲ್ಲಿ ನಮ್ಮ ಹುಬ್ಬಳ್ಳಿಗೆ ಪ್ಲೇಗು ಬಡಿದಾಗ ಸಾವಿರಾರು ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಿಸಿದ ಲ್ಯೂಮನ್ ಆ ಸೇವೆಯವರೇ. ರೊನಾಲ್ಡ್ ರಾಸ್ ಕೂಡ.

ಅಲ್ಮೋರದಲ್ಲಿ 1857ರಲ್ಲಿ ಹುಟ್ಟಿದ ರಾಸ್ 1881ರಲ್ಲಿ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರಿಗೆ ಬಂದಾಗ ಬಂಗಲೆಯ ತುಂಬ ಸೊಳ್ಳೆ. ಕಿಟಕಿಯ ಹೊರಗಿದ್ದ ಪೀಪಾಯಿಯಲ್ಲಿ ಇಣುಕಿದರೆ ಮರಿಗಳು ಮಿಸುಕಾಡುತ್ತಿದ್ದವು. ನೀರು ಚೆಲ್ಲಿಸಿದರು, ಕಾಟ ಇಳಿಯಿತು. ಮೆಸ್ಸಿನಲ್ಲೂ ಹೀಗೇ ಮಾಡೋಣವೆಂದರೆ ಮೇಲಿನವರು ಒಪ್ಪಲಿಲ್ಲ.

1894ರಲ್ಲಿ ಲಂಡನ್ನಿನಲ್ಲಿ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ರಾಸ್‌ರಿಗೆ ಮಲೇರಿಯಾದ ಪರೋಪಜೀವಿಯನ್ನು ತೋರಿಸಿ, ಸೊಳ್ಳೆಯಲ್ಲಿ ಹುಡುಕಲು ಹೇಳಿದರು. ರಾಸ್ ಸಿಕಂದರಾಬಾದಿನಲ್ಲಿ ಕೆಲಸ ಹಿಡಿದರು. ಅಷ್ಟರಲ್ಲೇ 1895ರಲ್ಲಿ ಕಾಲರಾ ತಡೆಯಲು ಬೆಂಗಳೂರಿಗೆ ಹೋಗೆಂದು ಹುಕುಂ ಬಂತು. ದಂಡಿನ ನೌಕರಿಯಲ್ಲಿ ಸಂಶೋಧನೆ ಹುಕುಮಿನ ನಡುವಿನ ಬಿಡುವಿನಲ್ಲೇ ನಡೆಯಬೇಕು.

1897ರಲ್ಲಿ ಮತ್ತೆ ಸಿಕಂದರಾಬಾದ್. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಬೀಸಣಿಗೆ ಬೀಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋದೀತೆಂದು ಸೆಕೆಯಲ್ಲೇ ಕೂತರು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಕಚ್ಚಿದ ಪ್ರತಿ ಸೊಳ್ಳೆಗೆ ಒಂದಾಣೆ ಪಡೆದು ಮೈಯೊಡ್ಡಿದರು. ಆಗಸ್ಟ್ 20ರಂದು ಚುಕ್ಕೆರೆಕ್ಕೆಯ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ, ಕಪ್ಪು ಕಣಗಳಿದ್ದ ದುಂಡನೆಯ ಕೋಶಗಳು ಕಂಡವು. ಮಲೇರಿಯಾ ಪರೋಪಜೀವಿ ಅಲ್ಲಿ ಬೆಳೆಯುತ್ತಿತ್ತು! ಸ್ವಲ್ಪ ದಿನಕ್ಕೇ ರಜಪೂತಾನದ ಖೇರ್ವಾಡಕ್ಕೆ ವರ್ಗ. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಹಿಡಿದು, ಸೊಳ್ಳೆ ಕಚ್ಚಿದಾಗಲೇ ರೋಗ ದಾಟುವುದೆಂದು ತೋರಿಸಿದರು. 1902ರಲ್ಲಿ ನೊಬೆಲ್ ಬಂತು. ಅದರ ಮಾನದಲ್ಲಿ ಹುಸೇನ್ ಖಾನರಿಗೂ ಪಾಲು ಸಲ್ಲಬೇಕೆಂದು ನಾನು ಮನಸಾರೆ ನಂಬಿದ್ದೇನೆ.

ಮುಂದೆ ರಾಸ್ ಊರೂರಿಗೆ ಸಾರಿದ್ದು ಒಂದೇ: ನಿಂತ ನೀರನ್ನು ನೀಗಿಸಿ. ನೀರು ಬಂದ ದಿನ ಡ್ರಮ್ಮು, ಹಂಡೆ ತುಂಬಿಟ್ಟುಕೊಳ್ಳುವುದು ನಮ್ಮ ಗದಗ ಸೀಮೆಯ ಮನೆಗಳ ಅನಿವಾರ್ಯ. ಆದರೆ ಆ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ರೆಕ್ಕೆ ಪಡೆಯಲು ಸಾಮಾನ್ಯವಾಗಿ ಒಂದೂವರೆ ವಾರ ಸಾಕು. ಆದ್ದರಿಂದ ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ತಿಕ್ಕಿ, ಒಣಗಿಸಿ, ಮುಚ್ಚಿಡಿ. ಮಲೇರಿಯಾವಿರಲಿ, ಡೆಂಗಿಯಿರಲಿ, ಆಸ್ಪತ್ರೆಯ ಬಾಗಿಲು ಕಾಣುವ ಮೊದಲೇ ಅದನ್ನು ತಡೆಯುವ ಅಧಿಕಾರ ನಮ್ಮ ಕೈಯಲ್ಲಿದೆ. ಅದನ್ನು ಚಲಾಯಿಸೋಣ.